ಬಾಯಿ ಒಂದಾದರೆ ಸಾಲದು, ಮಾತೂ ಒಂದಾಗಬೇಕು

ಕೋಲಾರದ ಬಸ್ ನಿಲ್ದಾಣಕ್ಕೆ ಸಂಜೆ ಬೆಂಗಳೂರು ಬಸ್ಸು ಬಂದು ನಿಂತರೆ ಇಳಿದವರಲ್ಲಿ ಅರ್ಧ ಜನ ಮೊದಲು ನೋಡುವುದು ಮನೆ ದಾರಿಯನ್ನಲ್ಲ, ಮೊಬೈಲಿನ ಬ್ಯಾಟರಿಯನ್ನು. ಮೂರು ಪರ್ಸೆಂಟು, ಎರಡು ಪರ್ಸೆಂಟು. ಇನ್ನು ಶ್ರೀನಿವಾಸಪುರಕ್ಕೋ ವೇಮಗಲ್ಲಿಗೋ ಹೋಗಬೇಕು. ಮನೆಗೆ ಫೋನು ಮಾಡಬೇಕು, ಕಂಡಕ್ಟರಿಗೆ ಚಿಲ್ಲರೆ ಇಲ್ಲದಿದ್ದರೆ ದುಡ್ಡೂ ಅದರಲ್ಲೇ ಕೊಡಬೇಕು. ಟೀ ಅಂಗಡಿಯವನ ಮುಂದೆ ನಿಂತು, "ಅಣ್ಣಾ, ಹತ್ತು ನಿಮಿಷ ಚಾರ್ಜಿಗೆ ಹಾಕ್ತೀಯಾ?" ಅಂದರೆ, ಅವನು ಹಾಲು ಉಕ್ಕದಂತೆ ನೋಡಿಕೊಳ್ಳುತ್ತಲೇ ಕೇಳುವ ಪ್ರಶ್ನೆ ಒಂದೇ: "ಯಾವ ಪಿನ್ನು?"

ಈ ಪ್ರಶ್ನೆಗೆ ಈಗ ಇಪ್ಪತ್ತು ವರ್ಷದ ಮೇಲಾಯಿತು. ಮೊದಲು ನೋಕಿಯಾದ ದಪ್ಪ ಪಿನ್ನು. ಆಮೇಲೆ ಅದೇ ನೋಕಿಯಾದ ಸಣ್ಣ ಪಿನ್ನು. ಸ್ಯಾಮ್‌ಸಂಗ್‌ಗೆ ಒಂದು ಚಪ್ಪಟೆ ಬಾಯಿ, ಸೋನಿ ಎರಿಕ್ಸನ್‌ಗೆ ಹಲ್ಲು ಹಲ್ಲಿನ ಇನ್ನೊಂದು ಬಾಯಿ. ಆಮೇಲೆ ಮೈಕ್ರೋ ಯುಎಸ್‌ಬಿ, ಉಲ್ಟಾ ಹಾಕಿದರೆ ಹೋಗದು, ಬಲ ಹಾಕಿದರೆ ಮುರಿಯದೆ ಬಿಡದು. ಈಗ ಟೈಪ್-ಸಿ. ಹೇಗೆ ತಿರುಗಿಸಿ ಹಾಕಿದರೂ ಕೂರುತ್ತದೆ, ಕತ್ತಲಲ್ಲಿ ತಡಕಾಡಬೇಕಿಲ್ಲ. ಒಳಗೆ 24 ಸಂಪರ್ಕ ಬಿಂದುಗಳಿವೆ. ಮೇಲೆ ಹನ್ನೆರಡು, ಕೆಳಗೆ ಹನ್ನೆರಡು, ಅದಕ್ಕೇ ಎತ್ತ ತಿರುಗಿಸಿದರೂ ಸರಿ. 2014ರಲ್ಲಿ ಇದರ ವಿವರಣೆ ಹೊರಬಂತು. ಎಲ್ಲ ಫೋನಿಗೂ ಇದೊಂದೇ ಬಾಯಿ ಇರಲಿ ಎಂಬುದೇ ದೇಶ ದೇಶಗಳಲ್ಲಿ ನಡೆದಿರುವ ವಾದ.

ವಾದ ಕೇಳಿದರೆ ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ರಾದ್ಧಾಂತವೇ ಅನ್ನಿಸೀತು. ಆದರೆ ದೊಡ್ಡಪೇಟೆಯ ಮೊಬೈಲ್ ಅಂಗಡಿಯವರನ್ನು ಕೇಳಿ ನೋಡಿ, ಸಣ್ಣದಲ್ಲ ಅಂತಾರೆ. ಅವರ ಅಂಗಡಿಯ ಗೋಡೆಗೆ ತೂಗುಹಾಕಿರುವ ವೈರುಗಳೆಲ್ಲ ಅವರ ಬಂಡವಾಳ.

ಸೇರು ಹೋಗಿ ಕಿಲೋ ಬಂದಂತೆ

ಕಂಪನಿಗಳು ಹೇಳುವ ಮಾತು ಇದು: ಎಲ್ಲರೂ ಒಂದೇ ಬಾಯಿ ಇಡಬೇಕು ಎಂದು ಸರ್ಕಾರ ಕಾನೂನು ಮಾಡಿದರೆ ಹೊಸದನ್ನು ಕಂಡುಹಿಡಿಯುವ ಬುದ್ಧಿಗೆ ಬೇಲಿ ಹಾಕಿದಂತೆ. ಆಪಲ್ ಕಂಪನಿ ಯುರೋಪಿನಲ್ಲಿ ವರ್ಷಗಟ್ಟಲೆ ಹೇಳಿದ್ದು ಇದನ್ನೇ.

ಹಳೇ ವ್ಯಾಪಾರಿಗಳ ಮನೆಯಲ್ಲಿ ಇವತ್ತಿಗೂ ಸೇರು, ಪಾವು, ಚಟಾಕು ಅಟ್ಟದ ಮೇಲೆ ಸಿಕ್ಕಬಹುದು. ಒಂದೂರಿನ ಸೇರಿಗೂ ಇನ್ನೊಂದೂರಿನ ಸೇರಿಗೂ ತಾಳೆ ಇರಲಿಲ್ಲ. 1956ರಲ್ಲಿ ತೂಕ ಅಳತೆಯ ಕಾನೂನು ಬಂತು, 1958ರಿಂದ ಕಿಲೋ ಲೀಟರು ಒಂದೊಂದಾಗಿ ಚಾಲ್ತಿಗೆ ಬಂದವು. ಆಗಲೂ ಗೊಣಗಾಟ ಇರಲೇಬೇಕಲ್ಲ, ಹಳೇ ಲೆಕ್ಕಕ್ಕೆ ಒಗ್ಗಿದ ಕೈ ಅದು. ಆದರೆ ಇವತ್ತು ಕೋಲಾರದ ಟೊಮೇಟೊ ಮಾರುಕಟ್ಟೆಯಲ್ಲಿ ಹೊರ ರಾಜ್ಯದ ಲಾರಿಗೆ ಮಾಲು ತುಂಬುವಾಗ "ಯಾವ ಸೇರು?" ಎಂದು ಯಾರೂ ಕೇಳುವುದಿಲ್ಲ. ಕಿಲೋ ಒಂದೇ ಆದ ಮಾತ್ರಕ್ಕೆ ತಕ್ಕಡಿ ಮಾಡುವವರ ಬುದ್ಧಿ ನಿಂತುಹೋಯಿತೇ? ಕಬ್ಬಿಣದ ತಕ್ಕಡಿ ಹೋಗಿ ಎಲೆಕ್ಟ್ರಾನಿಕ್ ತಕ್ಕಡಿ ಬಂತು.

ರೈಲಿನದು ಇನ್ನೂ ಹತ್ತಿರದ ಉದಾಹರಣೆ. ಬೌರಿಂಗ್‌ಪೇಟೆ ಎನ್ನುತ್ತಿದ್ದ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ರೈಲು ಬಂದಾಗ ಹಾಕಿದ್ದು ಎರಡೂವರೆ ಅಡಿಯ ಸಣ್ಣ ಹಳಿ. ಬೆಂಗಳೂರಿನ ಮುಖ್ಯ ದಾರಿಯದು ಐದೂವರೆ ಅಡಿ. ಈ ಬೋಗಿ ಆ ಹಳಿ ಹತ್ತದು, ಆ ಬೋಗಿ ಈ ಹಳಿಗೆ ಇಳಿಯದು. ಬಂಗಾರಪೇಟೆಯಲ್ಲಿ ಜನ ಇಳಿದು ಹತ್ತಬೇಕು, ಮೂಟೆ ಇಳಿಸಿ ಏರಿಸಬೇಕು. ಕೋಲಾರ ಚಿಕ್ಕಬಳ್ಳಾಪುರದ ನಡುವೆ ದೊಡ್ಡ ಹಳಿಯ ಮೇಲೆ ರೈಲು ಓಡಲು 2013 ಬರಬೇಕಾಯಿತು. ನೂರು ವರ್ಷ ಕಣ್ರೀ! ಹಳಿಯ ಅಗಲ ಬೇರೆ ಇಟ್ಟದ್ದರಿಂದ ಜಿಲ್ಲೆಗೆ ಆದ ನಷ್ಟವನ್ನು ಲೆಕ್ಕ ಹಾಕಿದವರಿಲ್ಲ. ಮೊಬೈಲಿನ ಬಾಯಿ ಬೇರೆ ಬೇರೆ ಇಡುವುದೂ ಬಂಗಾರಪೇಟೆಯಲ್ಲಿ ಮೂಟೆ ಇಳಿಸಿ ಏರಿಸುವ ಕೆಲಸವೇ. ಒಂದೇ ವ್ಯತ್ಯಾಸ, ಇಲ್ಲಿ ಕೂಲಿ ಕೊಡುವುದು ಪ್ರತಿಯೊಬ್ಬ ಗಿರಾಕಿ.

ಹಾಗೆಂದು ಕಂಪನಿಗಳ ವಾದದಲ್ಲಿ ಹುರುಳೇ ಇಲ್ಲ ಎಂದೂ ಹೇಳಲಾಗದು. 2009ರಲ್ಲಿ ಯುರೋಪಿನವರು ಕಂಪನಿಗಳನ್ನು ಕೂರಿಸಿ ಮೈಕ್ರೋ ಯುಎಸ್‌ಬಿ ಒಂದೇ ಇರಲಿ ಎಂದು ಒಪ್ಪಂದ ಮಾಡಿಸಿದರು. ಆಗ ಅಲ್ಲಿ ಸುಮಾರು ಮೂವತ್ತು ಬಗೆಯ ಚಾರ್ಜರ್ ಇತ್ತಂತೆ, ಕೆಲವೇ ವರ್ಷದಲ್ಲಿ ಮೂರಕ್ಕೆ ಇಳಿಯಿತು. ಅದು ಕಾನೂನಲ್ಲ, ಕೈಕುಲುಕಿ ಮಾಡಿಕೊಂಡ ಒಪ್ಪಂದ. ಒಂದು ವೇಳೆ ಅದನ್ನೇ ಕಲ್ಲಿನಲ್ಲಿ ಕೆತ್ತಿ ಕಾನೂನು ಮಾಡಿದ್ದರೆ ಇವತ್ತಿಗೂ ಆ ಮುರುಕಲು ಮೈಕ್ರೋ ಬಾಯಲ್ಲೇ ಒದ್ದಾಡಬೇಕಿತ್ತು ಎನ್ನುವುದು ನಿಜ. ಆದ್ದರಿಂದ ಕಾನೂನಿಗೊಂದು ಕಿಟಕಿ ಇರಬೇಕು, ಉತ್ತಮವಾದದ್ದು ಬಂದರೆ ಎಲ್ಲರೂ ಒಟ್ಟಿಗೆ ಅದಕ್ಕೆ ಹೋಗುವಂತೆ. ಯುರೋಪಿನ ಈಗಿನ ಕಾನೂನಿನಲ್ಲಿ ಆ ಕಿಟಕಿ ಇದೆ, ಮಾನಕವನ್ನು ಕಾಲಕಾಲಕ್ಕೆ ತಿದ್ದಬಹುದು.

ಆ ಕಾನೂನಿನ ಕತೆಯನ್ನೂ ಹೇಳಬೇಕು. 2022ರ ಅಕ್ಟೋಬರ್ 4ರಂದು ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಮತಕ್ಕೆ ಹಾಕಿದಾಗ ಪರವಾಗಿ 602, ವಿರುದ್ಧ 13. ನಮ್ಮ ನಗರಸಭೆಯಲ್ಲಿ ಚರಂಡಿ ಹೂಳೆತ್ತುವ ವಿಷಯಕ್ಕೂ ಇಂಥ ಒಮ್ಮತ ಸಿಗುವುದು ಕಷ್ಟ. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರಾಟಕ್ಕೆ ಬರುವ ಹೊಸ ಫೋನು, ಟ್ಯಾಬ್ಲೆಟ್ಟು, ಕ್ಯಾಮರಾ, ಹೆಡ್‌ಫೋನು, ಕಿವಿಯ ಬಡ್ಸು, ಸ್ಪೀಕರು ಎಲ್ಲಕ್ಕೂ ಟೈಪ್-ಸಿ ಕಡ್ಡಾಯ. ಲ್ಯಾಪ್‌ಟಾಪಿಗೆ 2026ರ ಏಪ್ರಿಲ್ 28ರ ಗಡುವು ಕೊಟ್ಟರು. ಎಸೆದ ಮತ್ತು ಬಳಸದೆ ಬಿದ್ದ ಚಾರ್ಜರುಗಳಿಂದಲೇ ಅಲ್ಲಿ ವರ್ಷಕ್ಕೆ 11,000 ಟನ್ ಕಸ ಎಂಬುದು ಅವರ ಅಂದಾಜು. ಬೇಡದ ಚಾರ್ಜರಿಗೆ ಗಿರಾಕಿಗಳು ವರ್ಷಕ್ಕೆ 25 ಕೋಟಿ ಯೂರೋ ತೆರುತ್ತಿದ್ದರು ಎಂಬುದೂ ಅವರದೇ ಲೆಕ್ಕ.

ನರಸಾಪುರಕ್ಕೂ ಇದಕ್ಕೂ ನಂಟಿದೆ

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎನ್ನುವ ಗಾದೆ ಆಪಲ್ಲಿಗೆ ಒಪ್ಪುತ್ತದೆ. 2012ರಲ್ಲಿ ಐಫೋನ್ 5ರ ಜತೆ ಲೈಟ್ನಿಂಗ್ ಎಂಬ ತನ್ನದೇ ಬಾಯಿ ತಂದಿತು. ಆ ದಿನಕ್ಕೆ ಒಳ್ಳೆಯದೇ, ಮೈಕ್ರೋ ಯುಎಸ್‌ಬಿಗಿಂತ ಗಟ್ಟಿ, ಉಲ್ಟಾ ಸೀದಾ ಎರಡೂ ಹೋಗುತ್ತಿತ್ತು. ಆದರೆ ಆ ವೈರಿನ ತುದಿಯಲ್ಲಿ ಒಂದು ಸಣ್ಣ ಚಿಪ್ಪು. ಅದು ಕಂಪನಿಯ ಪರವಾನಗಿ ಇರುವ ವೈರೇ ಎಂದು ಫೋನು ಪರೀಕ್ಷೆ ಮಾಡುತ್ತದೆ. ಪರವಾನಗಿಗೆ ದುಡ್ಡು. ಪರವಾನಗಿ ಇಲ್ಲದ ವೈರು ಹಾಕಿದರೆ ಫೋನಿನ ಪರದೆಯ ಮೇಲೆ ತಕರಾರು. ಗಿರಾಕಿ ಬಂದು ಬೈಯುವುದು ಯಾರನ್ನು? ನೂರೈವತ್ತು ರೂಪಾಯಿಗೆ ವೈರು ಕೊಟ್ಟ ಪೇಟೆ ಅಂಗಡಿಯವನನ್ನು.

ಕಡೆಗೆ ಆಪಲ್ ಕೂಡ ಬಗ್ಗಿತು. 2023ರ ಸೆಪ್ಟೆಂಬರಿನಲ್ಲಿ ಬಂದ ಐಫೋನ್ 15ಕ್ಕೆ ಟೈಪ್-ಸಿ ಬಾಯಿ. ಅದಾದ ಮರುತಿಂಗಳೇ ನಮ್ಮ ನರಸಾಪುರದ ಕಾರ್ಖಾನೆಯ ಸುದ್ದಿಯೂ ಬಂತು. ಅಲ್ಲಿ ಐಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಂಪನಿಯ ಘಟಕವನ್ನು 12.5 ಕೋಟಿ ಡಾಲರಿಗೆ ಟಾಟಾದವರು ಕೊಳ್ಳುವ ಒಪ್ಪಂದವಾಯಿತು. ಯುರೋಪಿನಲ್ಲಿ ಮತ ಹಾಕಿ ಮಾಡಿದ ಕಾನೂನಿನಿಂದ ಐಫೋನಿನ ಬಾಯಿ ಬದಲಾದರೆ ಅದನ್ನು ಜೋಡಿಸುವ ಕೋಲಾರ ಜಿಲ್ಲೆಯ ಹುಡುಗ ಹುಡುಗಿಯರ ಕೈಕೆಲಸವೂ ಬದಲಾಗುತ್ತದೆ. ಸಂಜೆ ಪಾಳಿ ಮುಗಿಸಿ ಕಂಪನಿ ಬಸ್ಸು ಇಳಿಯುವ ಇವರಲ್ಲಿ ಬಹುಮಂದಿಯ ಕೈಯಲ್ಲಿರುವುದು ಬೇರೆ ಫೋನು ಎಂಬುದು ಬೇರೆ ಮಾತು.

ಇಷ್ಟಾದರೂ ನಮ್ಮ ಸರ್ಕಾರ ಏನು ಮಾಡಿದೆ ಎಂದು ಕೇಳಿದರೆ, ಸಭೆ ಮಾಡಿದೆ. 2022ರ ಆಗಸ್ಟ್ 17ರಂದು ಗ್ರಾಹಕ ವ್ಯವಹಾರಗಳ ಇಲಾಖೆ ಕಂಪನಿಗಳವರನ್ನೂ ತಜ್ಞರನ್ನೂ ಕರೆಯಿತು. ನವೆಂಬರ್ 16ರಂದು ಇನ್ನೊಂದು ಸಭೆ. ಸ್ಮಾರ್ಟ್‌ಫೋನು, ಟ್ಯಾಬ್ಲೆಟ್ಟು, ಲ್ಯಾಪ್‌ಟಾಪಿಗೆ ಟೈಪ್-ಸಿ ಆಗಬಹುದು ಎಂದು ಎಲ್ಲರೂ ಒಪ್ಪಿದರು. ಕೈಗಡಿಯಾರ, ಇಯರ್‌ಬಡ್ಸ್ ಮುಂತಾದವಕ್ಕೆ ಉಪಸಮಿತಿ. 2023ರ ಜನವರಿಯಲ್ಲಿ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋ, ಟೈಪ್-ಸಿಗೆ ಭಾರತೀಯ ಮಾನಕ ಹೊರಡಿಸಿತು. ಮಾನಕ ಬೇರೆ, ಕಡ್ಡಾಯ ಬೇರೆ. ಅಂದು ಹೊರಟದ್ದು ಹೀಗೆ ಮಾಡಿದರೆ ಒಳ್ಳೆಯದು ಎನ್ನುವ ಪುಸ್ತಕ. ಹೀಗೆಯೇ ಮಾಡತಕ್ಕದ್ದು ಎನ್ನುವ ಆಜ್ಞೆಯಲ್ಲ. ಶಾಲೆಯ ಗೋಡೆಯ ಮೇಲೆ ಸತ್ಯವನ್ನೇ ಹೇಳು ಎಂದು ಬರೆದ ಹಾಗೆ.

"ಅಯ್ಯೋ ಬಿಡಿ ಸ್ವಾಮಿ, ಈಗ ಬರುವ ಸ್ಮಾರ್ಟ್‌ಫೋನಿಗೆಲ್ಲ ಟೈಪ್-ಸಿ ತಾನೇ ಇದೆ, ಕಾನೂನು ಯಾಕೆ?" ಎನ್ನುವವರಿದ್ದಾರೆ. ಅಂಥವರು ಮುಂದಿನ ನಾಲ್ಕು ಮಾತು ಓದಬೇಕು.

ಟವಲ್ಲಿನ ಕೆಳಗಿನ ವ್ಯಾಪಾರ

ಶಿವರಾತ್ರಿ ಹೊತ್ತಿಗೆ ಮುಳಬಾಗಿಲು ತಾಲ್ಲೂಕಿನ ಆವಣಿ ಜಾತ್ರೆಗೆ ಹೋದವರು ದನದ ವ್ಯಾಪಾರ ನೋಡಿರುತ್ತಾರೆ. ಕೊಳ್ಳುವವನು, ಮಾರುವವನು ಕೈಕೈ ಹಿಡಿದು ಮೇಲೆ ಟವಲ್ ಮುಚ್ಚುತ್ತಾರೆ. ಒಳಗೆ ಬೆರಳು ಒತ್ತಿ ರೇಟು ಮಾತಾಡುತ್ತಾರೆ. ಸುತ್ತ ನಿಂತ ನೂರು ಜನಕ್ಕೆ ಒಂದಕ್ಷರ ಗೊತ್ತಾಗದು.

ಚಾರ್ಜರೂ ಫೋನೂ ಹಾಗೆಯೇ ಮಾತಾಡುತ್ತವೆ. ಸಾಮಾನ್ಯಕ್ಕೆ ಚಾರ್ಜರ್ ಕೊಡುವುದು 5 ವೋಲ್ಟು. ಹಳೇ ಚಾರ್ಜರಿನಲ್ಲಿ ಒಂದು ಆಂಪಿಯರ್, ಅಂದರೆ 5 ವ್ಯಾಟು, ನಲ್ಲಿ ತೊಟ್ಟಿಕ್ಕಿದ ಹಾಗೆ. ಬೇಗ ತುಂಬಬೇಕಾದರೆ ವೋಲ್ಟೋ ಆಂಪಿಯರೋ ಏರಬೇಕು. ಹೇಳದೆ ಕೇಳದೆ ಏರಿಸಿದರೆ ಫೋನು ಸುಟ್ಟುಹೋದೀತು. ಅದಕ್ಕೆ ವೈರು ಸಿಕ್ಕಿಸಿದ ಕೂಡಲೆ ಎರಡೂ ಕೈಕುಲುಕುತ್ತವೆ. "ನೀನು ಎಷ್ಟು ಕೊಡಬಲ್ಲೆ?" "ನನಗಿಷ್ಟು ಬೇಕು." ಈ ಮಾತು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಆದರೆ ಯಾವ ಚಾರ್ಜರೂ ಯಾವ ಫೋನನ್ನೂ ಬೇಗ ತುಂಬಬಹುದು. ಅಂಥ ಒಂದು ಸಾರ್ವಜನಿಕ ಭಾಷೆ ಇದೆ, ಯುಎಸ್‌ಬಿ ಪವರ್ ಡೆಲಿವರಿ, ಸಂಕ್ಷಿಪ್ತದಲ್ಲಿ ಪಿಡಿ. ಅದರ ಮಿತಿ ಮೊದಲು 100 ವ್ಯಾಟ್ ಇತ್ತು, 2021ರಲ್ಲಿ 240ಕ್ಕೆ ಏರಿಸಿದರು. ಫೋನೇನು, ದೊಡ್ಡ ಲ್ಯಾಪ್‌ಟಾಪಿಗೂ ಸಾಕು.

ಆದರೆ ಕಂಪನಿಗಳು ಟವಲ್ ಮುಚ್ಚುತ್ತವೆ. ಓಪ್ಪೋದವರ ಸೂಪರ್‌ವೂಕ್, ವಿವೋದವರ ಫ್ಲ್ಯಾಶ್‌ಚಾರ್ಜ್, ಶಿಯೋಮಿಯವರ ಹೈಪರ್‌ಚಾರ್ಜ್ ಹೀಗೆ ಒಬ್ಬೊಬ್ಬರದು ಒಂದೊಂದು ಬೆರಳ ಭಾಷೆ. ಬಾಯಿ ಮಾತ್ರ ಎಲ್ಲರದೂ ಟೈಪ್-ಸಿಯೇ. ಡಬ್ಬದ ಮೇಲೆ 80 ವ್ಯಾಟ್ ಎಂದು ದೊಡ್ಡದಾಗಿ ಬರೆದ ಫೋನು ಪಕ್ಕದ ಮನೆಯ ಚಾರ್ಜರಿಗೆ ಹಾಕಿದರೆ ಹತ್ತೋ ಹದಿನೈದೋ ವ್ಯಾಟಿನಲ್ಲಿ ತೆವಳುವುದುಂಟು. ಈಚಿನ ಕೆಲವು ಮಾದರಿಗಳು ಪಿಡಿ ಭಾಷೆಯನ್ನೂ ಅಷ್ಟೋ ಇಷ್ಟೋ ತಿಳಿದಿವೆ, ಆದರೆ ಪೂರ್ತಿ ವೇಗ ಬೇಕಾದರೆ ಮನೆಯ ಚಾರ್ಜರೇ, ಮನೆಯ ವೈರೇ ಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಅಂಗಡಿಯವರಿಗೆ ಇದರಿಂದ ಬರುವ ಕಷ್ಟ ಹಳೇ ಪಿನ್ನಿನ ಕಾಲಕ್ಕಿಂತ ಹೆಚ್ಚು. ಆಗ ಪಿನ್ನು ಹೋಗದಿದ್ದರೆ ಗಿರಾಕಿಗೆ ಕಣ್ಣಿಗೇ ಕಾಣುತ್ತಿತ್ತು. ಈಗ ಎಲ್ಲವೂ ಹೋಗುತ್ತದೆ, ಮಿಂಚಿನ ಗುರುತೂ ಬರುತ್ತದೆ, ಎರಡು ಗಂಟೆಯಾದರೂ ಮೂವತ್ತು ಪರ್ಸೆಂಟು ದಾಟದು. ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಗಿರಾಕಿ ನಿಂತಿರುತ್ತಾನೆ, "ಡೂಪ್ಲಿಕೇಟ್ ಕೊಟ್ಟಿದೀಯಲ್ಲಪ್ಪಾ!" ಅಂಗಡಿಯವನು ಪ್ರೋಟೋಕಾಲ್ ಅಂತ ವಿವರಿಸಲು ಹೊರಟರೆ ಕೇಳುವವರಾರು?

ವೈರಿನದೂ ಅದೇ ಪಾಡು. ನೋಡಲು ಎಲ್ಲ ಒಂದೇ. ಒಂದು ಬರೀ ಚಾರ್ಜಿಗೆ, ಒಂದು ಫೋಟೋ ಸಿನಿಮಾ ಕಳಿಸಲೂ ಬರುತ್ತದೆ, ಒಂದು ದೊಡ್ಡ ಲ್ಯಾಪ್‌ಟಾಪನ್ನೂ ಹೊರುತ್ತದೆ. 60 ವ್ಯಾಟಿನ ಮೇಲೆ ಹೋಗಬೇಕಾದರೆ ವೈರಿನೊಳಗೇ ಗುರುತಿನ ಚಿಪ್ಪು ಇರಬೇಕು. ಕತ್ತಿನ ಸುತ್ತ ಹಾಕುವ ಅಗ್ಗದ ಬ್ಲೂಟೂತ್ ಪಟ್ಟಿಯದು ಇನ್ನೂ ಸೋಜಿಗ. ಟೈಪ್-ಸಿ ಬಾಯಿ ಇದೆ, ಎರಡೂ ಕಡೆ ಸಿ ಇರುವ ಹೊಸ ವೈರಿಗೆ ಹಾಕಿದರೆ ಚಾರ್ಜೇ ಆಗದು, ಹಳೇ ಚಪ್ಪಟೆ ಯುಎಸ್‌ಬಿ ವೈರಿಗೆ ಹಾಕಿದರೆ ಆಗುತ್ತದೆ. ಕಾರಣ ಬಲು ಸಣ್ಣದು. "ನಾನಿಲ್ಲಿದ್ದೇನೆ, ಕರೆಂಟು ಕೊಡು" ಎಂದು ಹೇಳಲು ಬಾಯೊಳಗೆ 5.1 ಕಿಲೋ ಓಮಿನ ಎರಡು ರೆಸಿಸ್ಟರ್ ಇಡಬೇಕು. ಪೈಸೆ ಲೆಕ್ಕದ ಮಾಲು. ಅದನ್ನೂ ಉಳಿಸಿದ ಪುಣ್ಯಾತ್ಮರು ಬಾಯಿ ಕೊಟ್ಟು ನಾಲಗೆ ಕಿತ್ತಿದ್ದಾರೆ.

ಆದ್ದರಿಂದ ಬರೀ ಬಾಯಿ ಒಂದಿರಲಿ ಎಂಬ ಕಾನೂನು ಅರ್ಧ ಕೆಲಸ. ಯುರೋಪಿನವರು ಇದನ್ನು ಕಂಡುಕೊಂಡಿದ್ದಾರೆ. ಬಾಯಿಯ ಜತೆಗೆ, 15 ವ್ಯಾಟಿಗಿಂತ ಹೆಚ್ಚು ಎಳೆಯುವ ಉಪಕರಣ ಪಿಡಿ ಭಾಷೆಯಲ್ಲೂ ಮಾತಾಡಬೇಕು ಎಂದು ಬರೆದಿದ್ದಾರೆ. ಕಂಪನಿ ತನ್ನ ಗುಟ್ಟಿನ ಭಾಷೆ ಇಟ್ಟುಕೊಳ್ಳಲಿ, ಬೇಡ ಅನ್ನುವವರಾರು? ಸಾರ್ವಜನಿಕ ಭಾಷೆಯೂ ಬರಬೇಕು, ಅಷ್ಟೆ. ಫೋನಿನ ಡಬ್ಬದ ಮೇಲೆ ಎಷ್ಟು ವ್ಯಾಟು ಬೇಕು, ಚಾರ್ಜರ್ ಒಳಗಿದೆಯೋ ಇಲ್ಲವೋ ಎಂದು ಗುರುತು ಹಾಕಬೇಕೆಂದೂ ಅಲ್ಲಿ ನಿಯಮವಿದೆ. ದೆಹಲಿಯ ಮಾನ್ಯರು ನಕಲು ಹೊಡೆಯುವುದಾದರೆ ಈ ಪುಟವನ್ನು ಬಿಡದೆ ಹೊಡೆಯಲಿ.

ಬಟನ್ ಫೋನಿನವರ ಪಾಡು

ಸಭೆಯ ವರದಿ ಓದಿದರೆ ಒಂದು ಮಾತು ಕಣ್ಣಿಗೆ ಚುಚ್ಚುತ್ತದೆ. ಸ್ಮಾರ್ಟ್‌ಫೋನಿಗೆ ಟೈಪ್-ಸಿ, ಬಟನ್ ಫೋನಿಗೆ ಬೇರೆ ಒಂದು ಬಾಯಿ ಇರಬಹುದು ಎಂಬ ಮಾತು. ಕಾರಣ, ಬೆಲೆ. ಸಾವಿರ ಹದಿನೈದು ನೂರರ ಫೋನಿಗೆ ಹೊಸ ಬಾಯಿ ಇಟ್ಟರೆ ಬೆಲೆ ಏರೀತು, ಬಡವರಿಗೆ ಹೊರೆಯಾದೀತು ಎಂಬ ಕನಿಕರ.

ಕನಿಕರ ಒಳ್ಳೆಯದೇ. ಆದರೆ ಲೆಕ್ಕ ಪೂರ್ತಿ ಹಾಕಿಲ್ಲ. ಬಟನ್ ಫೋನು ಇಟ್ಟುಕೊಂಡವರು ಯಾರು? ಬೆಳಗಿನ ಜಾವ ಟೊಮೇಟೊ ಬಾಕ್ಸು ತರುವ ರೈತ, ಹೂವು ಮಾರುವ ಹೆಂಗಸು, ರೇಷ್ಮೆಗೂಡು ಹೊತ್ತು ಬರುವ ಮುದುಕ. ಇವರ ಮನೆಯಲ್ಲಿ ಮಗನ ಕೈಯಲ್ಲಿ ಸ್ಮಾರ್ಟ್‌ಫೋನು, ಅದರ ಟೈಪ್-ಸಿ ಚಾರ್ಜರ್ ಗೋಡೆಯಲ್ಲಿ ಇದ್ದೇ ಇರುತ್ತದೆ. ಅಪ್ಪನ ಫೋನಿಗೂ ಅದೇ ಬಾಯಿ ಇದ್ದರೆ ಇನ್ನೊಂದು ಚಾರ್ಜರ್ ಕೊಳ್ಳುವುದೇ ಬೇಡ. ಬೇರೆ ಬಾಯಿ ಇಟ್ಟರೆ ಅಪ್ಪನ ಚಾರ್ಜರ್ ಕೆಟ್ಟ ದಿನ ಅವನೊಬ್ಬನೇ ಪೇಟೆಗೆ ಬಂದು ಹುಡುಕಬೇಕು. ಹಳೇ ಪಿನ್ನಿನ ಮಾಲನ್ನು ಅಂಗಡಿಯವರು ತರಿಸುವುದು ನಿಲ್ಲಿಸುತ್ತಾ ಬಂದಂತೆ ಸಿಗುವುದು ಉಳಿದದ್ದು, ಬಳಿದದ್ದು. ಬಡವನಿಗೆ ಉಳಿಸಿದ ಇಪ್ಪತ್ತು ರೂಪಾಯಿ ಅವನಿಂದಲೇ ಇನ್ನೂರಾಗಿ ವಸೂಲಾಗುತ್ತದೆ.

ಆಗದ ಕೆಲಸವೂ ಅಲ್ಲ. 2024ರಲ್ಲಿ ಮತ್ತೆ ಬಂದ ನೋಕಿಯಾ 3210 ಬಟನ್ ಫೋನೇ, ಅದಕ್ಕೆ ಟೈಪ್-ಸಿ ಬಾಯಿಯೇ ಇದೆ. ಅದಕ್ಕೂ ಅಗ್ಗದ ಫೋನಿಗೆ ಇಡಲು ಎರಡು ವರ್ಷದ ಗಡುವು ಕೊಡಲಿ, ಬೇಕಾದರೆ ಮೂರು ಕೊಡಲಿ. ಆದರೆ ದೊಡ್ಡವರಿಗೆ ದೊಡ್ಡ ಹಳಿ, ಬಡವರಿಗೆ ಸಣ್ಣ ಹಳಿ ಎಂದು ಈಗಲೇ ಬರೆದುಕೊಟ್ಟರೆ ಇನ್ನೊಂದು ನೂರು ವರ್ಷ ಬಂಗಾರಪೇಟೆಯಲ್ಲಿ ಮೂಟೆ ಇಳಿಸುತ್ತಾ ಕೂರಬೇಕು.

ಅಂಗಡಿಯೊಳಗಿನ ಬೇರೆ ಉಪಕರಣಗಳ ಮಾತು ಎತ್ತಿದರೆ ಇನ್ನೊಂದು ಪುರಾಣ. ದುಡ್ಡು ಬಂತೆಂದು ಕೂಗುವ ಸೌಂಡ್ ಬಾಕ್ಸು, ಕರೆಂಟು ಹೋದರೆ ಉರಿಯುವ ಎಮರ್ಜೆನ್ಸಿ ದೀಪ, ತಕ್ಕಡಿ, ಕ್ಷೌರದಂಗಡಿಯ ಟ್ರಿಮ್ಮರು, ಒಂದೊಂದಕ್ಕೆ ಒಂದೊಂದು ಪಿನ್ನು. ದೆಹಲಿ ಸಭೆಯ ಪಟ್ಟಿಯಲ್ಲಿ ಲ್ಯಾಪ್‌ಟಾಪಿನ ಹೆಸರಿದೆ, ಸೌಂಡ್ ಬಾಕ್ಸಿನ ಹೆಸರು ಕಾಣಲಿಲ್ಲ. ಕಿರಾಣಿ ಅಂಗಡಿಯವರು ಎಷ್ಟು ಜನ ಲ್ಯಾಪ್‌ಟಾಪ್ ಇಟ್ಟುಕೊಂಡು ಬೇಳೆ ಅಳೆಯುತ್ತಾರೋ ದೇವರಿಗೇ ಗೊತ್ತು.

ಸತ್ತ ಮಾಲು, ಸುಡುವ ಮಾಲು

ಕಾನೂನು ಬಂದರೆ ಅಂಗಡಿಯವರಿಗೆ ನಷ್ಟವಾಗದೆ? ಆಗುತ್ತದೆ. ಗೋಡೆಯ ಮೇಲೆ ತೂಗಾಡುವ ಹಳೇ ಪಿನ್ನಿನ ಮಾಲು ಸತ್ತ ಮಾಲಾಗುತ್ತದೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಕಾನೂನು ಇಲ್ಲದೆಯೂ ಆ ಮಾಲು ಸಾಯುತ್ತಲೇ ಬಂದಿದೆ. ನೋಕಿಯಾ ಪಿನ್ನು ಸತ್ತಾಗ ಯಾವ ಸರ್ಕಾರ ಆಜ್ಞೆ ಹೊರಡಿಸಿತ್ತು? ಕಂಪನಿ ಮನಸ್ಸು ಬದಲಿಸಿತು, ಮಾಲು ಸತ್ತಿತು, ಮುಂಗಡ ಎಚ್ಚರಿಕೆಯೂ ಇಲ್ಲ. ಕಾನೂನಾದರೆ ದಿನಾಂಕವಾದರೂ ಗೊತ್ತಿರುತ್ತದೆ. ಯುರೋಪಿನಲ್ಲಿ ಮತ ಹಾಕಿದ್ದಕ್ಕೂ ಜಾರಿಯಾದದ್ದಕ್ಕೂ ಎರಡು ವರ್ಷದ ಮೇಲೆ ಅಂತರವಿತ್ತು. ಅಷ್ಟರಲ್ಲಿ ಯಾವ ಅಂಗಡಿಯವನೂ ಹಳೇ ಮಾಲು ಖಾಲಿ ಮಾಡಿಕೊಂಡಾನು. ಆಮೇಲೆ ಹದಿನೈದು ಬಗೆಯ ಮಾಲಿಗೆ ಬಂಡವಾಳ ಹಾಕುವ ಬದಲು ಎರಡು ಮೂರು ಬಗೆ ಇಟ್ಟರೆ ಸಾಕು.

ಇನ್ನು ಸುಡುವ ಮಾಲಿನ ವಿಷಯ. ಎಲ್ಲ ಬಾಯಿಯೂ ಒಂದೇ ಆದಾಗ ಕಳಪೆ ಚಾರ್ಜರಿನವನಿಗೂ ಸುಗ್ಗಿ. ಮೊದಲು ಅವನ ಮಾಲು ಹತ್ತು ಫೋನಿಗೆ ಹೊಂದುತ್ತಿತ್ತು, ಈಗ ಊರಿಗೆಲ್ಲ ಹೊಂದುತ್ತದೆ. ಅದರ ಜತೆಗೆ ಕಂಪನಿಗಳು ಡಬ್ಬದೊಳಗಿನ ಚಾರ್ಜರನ್ನೇ ತೆಗೆಯತೊಡಗಿವೆ. 2020ರಲ್ಲಿ ಐಫೋನ್ 12ರಿಂದ ಆಪಲ್ ಶುರು ಮಾಡಿತು, 2021ರಲ್ಲಿ ಸ್ಯಾಮ್‌ಸಂಗ್ ತನ್ನ ದುಬಾರಿ ಫೋನಿಗೆ ಅದನ್ನೇ ಮಾಡಿತು. ಪರಿಸರಕ್ಕಾಗಿ ಎಂದರು. ಮನೆಯಲ್ಲಿ ಚಾರ್ಜರ್ ಇರುವವನಿಗೆ ಇನ್ನೊಂದು ಬೇಡ, ಒಪ್ಪತಕ್ಕ ಮಾತೇ. ಆದರೆ ತೆಗೆದ ಚಾರ್ಜರಿನ ದುಡ್ಡು ಬಿಲ್ಲಿನಲ್ಲಿ ಇಳಿದದ್ದನ್ನು ಕಂಡ ಗಿರಾಕಿ ಇದ್ದರೆ ಮುಂದೆ ಬರಲಿ. ಮನೆಯಲ್ಲಿ ಸರಿಯಾದ ಚಾರ್ಜರ್ ಇಲ್ಲದವನು ಫುಟ್‌ಪಾತಿನ ಎಂಬತ್ತು ರೂಪಾಯಿ ಮಾಲಿಗೆ ಹೋಗುತ್ತಾನೆ. ಒಳಗೆ ಮೇನ್ ಲೈನಿನ 230 ವೋಲ್ಟಿಗೂ ಫೋನಿನ 5 ವೋಲ್ಟಿಗೂ ನಡುವೆ ಇರಬೇಕಾದ ಗೋಡೆ ಕಾಗದದಷ್ಟು ತೆಳ್ಳಗೆ. ರಾತ್ರಿ ದಿಂಬಿನ ಕೆಳಗೆ ಫೋನಿಟ್ಟು ಮಲಗುವವರು ಇದನ್ನು ನೆನೆಯಬೇಕು.

ಇದಕ್ಕೆ ಹೊಸ ಕಾನೂನು ಬೇಡ, ಇರುವುದನ್ನು ನಡೆಸಿದರೆ ಸಾಕು. ಅಡಾಪ್ಟರುಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ. ಮೈಮೇಲೆ ಬಿಐಎಸ್ ಗುರುತು, ಜತೆಗೆ ಇಂಗ್ಲಿಷಿನ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಆ ಸಂಖ್ಯೆ ಒತ್ತಿದರೆ ಅಸಲೋ ನಕಲೋ ತಿಳಿಯುತ್ತದೆ. ಚಾರ್ಜರ್ ಕೊಳ್ಳುವಾಗ ಬೆಲೆ ಚೌಕಾಶಿಗೆ ಐದು ನಿಮಿಷ ಕಳೆಯುವವರು ಅದರಲ್ಲಿ ಒಂದು ನಿಮಿಷ ಇದಕ್ಕೆ ಕೊಟ್ಟರೆ ನಷ್ಟವಿಲ್ಲ. ಅಂಗಡಿಯವರೂ ಸಗಟು ತರುವಾಗ ಇದನ್ನು ನೋಡಿ ತಂದರೆ ಬೆಳಗಿನ ಬೈಗುಳ ಅರ್ಧ ತಪ್ಪೀತು.

ಕಡೆಯದಾಗಿ ಕಸದ ವಿಷಯ. ದೇಶದಲ್ಲಿ 2021ರಲ್ಲಿ 50 ಲಕ್ಷ ಟನ್ ಎಲೆಕ್ಟ್ರಾನಿಕ್ ಕಸ ಎಂಬ ಅಂದಾಜನ್ನು ಸರ್ಕಾರವೇ ತನ್ನ ಹೇಳಿಕೆಯಲ್ಲಿ ಉಲ್ಲೇಖಿಸಿತ್ತು. ಚಾರ್ಜರಿನ ಪಾಲು ಅದರಲ್ಲಿ ಸಣ್ಣದೇ. ಆದರೂ ಯಾವ ಮನೆಯ ಡ್ರಾಯರ್ ಎಳೆದರೂ ಹಳೇ ಚಾರ್ಜರುಗಳು ಹಾವಿನ ಬುಟ್ಟಿಯಂತೆ ಸುತ್ತಿಕೊಂಡಿರುತ್ತವೆ. ಎಸೆಯಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಕೆಲಸವಿಲ್ಲ. ಗುಜರಿಯವನಿಗೆ ಹಾಕಿದರೆ ತಾಮ್ರಕ್ಕಾಗಿ ಊರಾಚೆ ವೈರು ಸುಡುತ್ತಾರೆ, ಆ ಹೊಗೆ ಕುಡಿಯುವವರು ಪಕ್ಕದ ಗುಡಿಸಿಲಿನ ಮಕ್ಕಳು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮದ ಪ್ರಕಾರ ಇದರ ಹೊಣೆ ಮಾಲು ತಯಾರಿಸಿದ ಕಂಪನಿಗಳದು. ಹೊಣೆ ಕಾಗದದ ಮೇಲಿದೆ, ಚಾರ್ಜರ್ ಡ್ರಾಯರಿನಲ್ಲಿದೆ. ಇವೆರಡರ ನಡುವೆ ಬಸ್ ನಿಲ್ದಾಣದಲ್ಲಿ ಒಂದು, ದೊಡ್ಡಪೇಟೆಯಲ್ಲಿ ಒಂದು ತಗಡಿನ ಡಬ್ಬ ಇಡಿಸಲು ನಗರಸಭೆಯವರಿಗೆ ಎಷ್ಟು ದಿನ ಬೇಕು? ಎಲ್ಲಾದರೂ ಇಟ್ಟಿದ್ದರೆ ಎಲ್ಲಿ ಎಂದು ಒಂದು ಬೋರ್ಡನ್ನಾದರೂ ಹಾಕಲಿ.